ಹೊಳಪು ಬೇಕಾದವರು ಹೊಸ ವಾಚು ಕೊಳ್ಳಲಿ

ರಜೆಗೆ ಊರಿಗೆ ಬಂದಾಗಲೆಲ್ಲ ನನಗೊಂದು ಪ್ರಶ್ನೆ ಕಾದಿರುತ್ತದೆ: “ಎರಡು ವಾಚೂ ಒಂದೇ ಥರ ಇವೆಯಲ್ಲ ಮಾರಾಯ್ರೇ, ಎರಡೆರಡು ಯಾಕೆ? ಮುಂಬಯಿಯಲ್ಲಿ ದುಡ್ಡು ಜಾಸ್ತಿ ಆಯ್ತಾ?” ಅವು ಒಂದೇ ಥರ ಇಲ್ಲ ಎನ್ನುವುದೇ ನನ್ನ ವಾದ.

ಕಡಲಲ್ಲಿ ಮುಳುಗುವವರಿಗೆಂದು ರೋಲೆಕ್ಸ್‌ನವರು 1953ರಲ್ಲಿ ತಂದ ವಾಚು ಸಬ್‌ಮರೀನರ್. ಅದರಲ್ಲಿ 16610 ಎಂಬ ಮಾದರಿ 1980ರ ದಶಕದ ಕೊನೆಯಿಂದ 2010ರವರೆಗೆ ತಯಾರಾಯಿತು. ತೀರ ಹಳೆಯದಲ್ಲ, ಹೊಸದೂ ಅಲ್ಲ. ಅಷ್ಟು ವರ್ಷ ಹೆಸರು ಅದೇ, ಒಳಗಿನ 3135 ಯಂತ್ರವೂ ಅದೇ. ಬದಲಾದದ್ದು ಸಣ್ಣಪುಟ್ಟ ಸಂಗತಿಗಳು. ಕತ್ತಲಲ್ಲಿ ಹೊಳೆಯಲೆಂದು ಡಯಲಿನ ಚುಕ್ಕೆಗಳಿಗೆ ಮೊದಲು ಟ್ರಿಟಿಯಂ ಬಳಿಯುತ್ತಿದ್ದರು. ಅದು ವಿಕಿರಣ ವಸ್ತು. ಸುಮಾರು 12 ವರ್ಷಕ್ಕೆ ಅರ್ಧ ಕರಗುತ್ತದೆ. ವಿಕಿರಣ ಮಿತಿಯೊಳಗಿದೆ ಎಂದು ತಿಳಿಸಲು ಡಯಲಿನ ತಳದಲ್ಲಿ ‘ಸ್ವಿಸ್’ ಜೊತೆ ‘ಟಿ’ ಅಕ್ಷರ, 25ರ ಅಂಕಿ ಇರುತ್ತಿದ್ದವು. 1998ರ ಸುಮಾರಿಗೆ ವಿಕಿರಣವಿಲ್ಲದ ಬಣ್ಣ ಬಂತು. ಸ್ವಲ್ಪ ಕಾಲ ಬರೀ ‘ಸ್ವಿಸ್’, ಆಮೇಲೆ ‘ಸ್ವಿಸ್ ಮೇಡ್’. ಚೈನು ಸಿಕ್ಕಿಸುವ ಕಿವಿಗಳ ಹೊರಬದಿಯ ತೂತುಗಳೂ ಮುಂದೆ ಮಾಯವಾದವು. ನನ್ನ ಎರಡರಲ್ಲಿ ಹಳೆಯದರ ಚುಕ್ಕೆಗಳು ತುಪ್ಪದ ಬಣ್ಣಕ್ಕೆ ತಿರುಗಿವೆ. ಇನ್ನೊಂದರವು ಇನ್ನೂ ಬೆಳ್ಳಗಿವೆ.

“ಇದೆಲ್ಲ ಒಂದಕ್ಷರಕ್ಕೆ ಲಕ್ಷ ಏರಿಸುವ ವ್ಯಾಪಾರಿಗಳ ಆಟ” ಅನ್ನುತ್ತೀರಿ. ಆಟ ಇದೆ, ಒಪ್ಪಿದೆ. ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಲಾಕರಿನಲ್ಲಿಡುವವರ ಬಗ್ಗೆ ನನಗೂ ಗೌರವವಿಲ್ಲ. ಆದರೆ ಬೆಲೆ ಸುಳ್ಳಾದರೂ ಗುರುತು ಸುಳ್ಳಲ್ಲ. ಕಾರ್ಖಾನೆಯಲ್ಲಿ ಯಾವಾಗ ಏನು ಬದಲಾಯಿತು ಎಂಬುದಕ್ಕೆ ಆ ಅಕ್ಷರವೇ ಸಾಕ್ಷಿ. ಆ ಸಾಕ್ಷಿ ಸಾಯುವುದು ರಿಪೇರಿಯ ಮೇಜಿನ ಮೇಲೆ. “ಡಯಲ್ ಮಂಕಾಗಿದೆ, ಹೊಸದು ಹಾಕ್ತೇವೆ, ಪಾಲಿಶ್ ಫ್ರೀ” ಎಂದ ಇಲ್ಲಿನ ಅಂಗಡಿಯೊಂದರಿಂದ ನಾನು ವಾಚು ವಾಪಸ್ ತಂದೆ. ಪಾಲಿಶ್ ಎಂದರೆ ಉಕ್ಕು ಸವೆಸುವುದು. ಸವೆದ ಅಂಚು ಮತ್ತೆ ಬೆಳೆಯುವುದಿಲ್ಲ.

ಸ್ವಿಟ್ಜರ್ಲೆಂಡಿನ ವಾಚಿನ ಚಿಂತೆ ನಮಗೇಕೆ ಅಂತೀರಾ? ಸರಿ, ನಮ್ಮ ಮನೆಯದೇ ತಗೊಳ್ಳಿ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. 2016ರಲ್ಲಿ ಆ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಜನತಾ ವಾಚಿನ ಡಯಲಿನಲ್ಲೂ ಇಂಥ ಭೇದಗಳಿವೆ: ಕೆಲವದರಲ್ಲಿ ಇಂಗ್ಲಿಷ್, ಕೆಲವದರಲ್ಲಿ ನಾಗರಿ. ಈಗ ಮುಂಬಯಿಯ ಹಳೆ ಸಾಮಾನಿನ ಪೇಟೆ ಸುತ್ತಿ ನೋಡಿ. ಎಚ್‌ಎಂಟಿ ಡಯಲ್ ಕೆರೆದು, ಕಾರ್ಖಾನೆ ಎಂದೂ ಬಳಿಯದ ಬಣ್ಣ ಬಳಿದು, ‘ವಿಂಟೇಜ್’ ಎಂದು ಮಾರುತ್ತಾರೆ. ಆ ಸರಕು ಆಕಾಶದಿಂದ ಉದುರಿದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡಿದ ಮನೆಗಳಿಂದ ಗುಜರಿ ಸೇರಿದ್ದು. ಸಬ್‌ಮರೀನರಿನ ಒಂದೊಂದು ಅಕ್ಷರದ ಲೆಕ್ಕ ಇಡಲು ಲೋಕದ ತುಂಬ ಜನರಿದ್ದಾರೆ. ಬೆಂಗಳೂರಿನ ವಾಚಿನ ಲೆಕ್ಕ ನಾವಿಡದೆ ಇನ್ಯಾರು ಇಡಬೇಕು?

ಆದ್ದರಿಂದ ಊರಿನವರಲ್ಲಿ ಒಂದೇ ಮಾತು. ಯಂತ್ರಕ್ಕೆ ಎಣ್ಣೆ ಹಾಕಿಸಿ, ರಬ್ಬರ್ ವಾಷರ್ ಬದಲಿಸಿ. ಡಯಲ್, ಮುಳ್ಳು, ಮೈ ಮುಟ್ಟಬೇಡ ಅಂತ ಚೀಟಿಯಲ್ಲಿ ಬರೆಸಿ. ಬದಲಿಸಲೇಬೇಕಾದರೆ ಹಳೆಯ ಭಾಗವನ್ನು ಕೇಳಿ ಇಸಕೊಂಡು ಬನ್ನಿ.