ಎಸಿ ಬಿಲ್ಲಿನ ಲೆಕ್ಕ: ಮೊದಲು ಬಿಸಿಲನ್ನು ತಡೀರಿ



ಊರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಇಲ್ಲಿ ನಮಗೆ ಬಿಸಿಲು ಶುರು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಿಡುವು ಕೊಡಲೇಬೇಕು ಅಂತ ಕಾನೂನಿದೆ. ಮನೆಯೊಳಗಿನ ಸೆಕೆಗೆ ಮಾತ್ರ ನಾವೇ ದಾರಿ ಮಾಡ್ಕೋಬೇಕು, ಬಿಲ್ಲೂ ನಾವೇ ಕಟ್ಟಬೇಕು.

ನಮ್ಮವರಲ್ಲಿ ಎರಡು ತರದವರಿದ್ದಾರೆ. ಕೆಲವರು ಎಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗ್ತಾರೆ. ಇನ್ನು ಕೆಲವರು ಊರಿಗೆ ಕಳಿಸೋ ದುಡ್ಡು ಕಡಿಮೆ ಆಗಬಾರದು ಅಂತ ರಾತ್ರಿಯೂ ಎಸಿ ಆರಿಸಿ ಬೆವರಲ್ಲೇ ಹೊರಳಾಡ್ತಾರೆ. ಲೆಕ್ಕ ಹಾಕಿ ನೋಡಿದರೆ ಎರಡೂ ನಷ್ಟದ ಬಾಬ್ತೇ.

ಒಂದು ಎಸಿಗೆ ಎಷ್ಟು?

ಒಂದೂವರೆ ಟನ್ನಿನ ಹಳೇ ವಿಂಡೋ ಎಸಿ ಗಂಟೆಗೆ 1.7 ಯೂನಿಟ್ ತಿನ್ನುತ್ತೆ ಅಂತ ಇಟ್ಕೊಳ್ಳೋಣ. ಕಂಪ್ರೆಸರ್ ದಿನಕ್ಕೆ 10 ಗಂಟೆ ಓಡಿದರೆ 17 ಯೂನಿಟ್, ತಿಂಗಳಿಗೆ 510. ದುಬೈಯ ‘ದೇವಾ’ ಬಿಲ್ಲಿನಲ್ಲಿ ಮನೆಗಳಿಗೆ ಮೊದಲ 2000 ಯೂನಿಟ್‌ವರೆಗೆ ಯೂನಿಟ್ಟಿಗೆ 23 ಫಿಲ್ಸ್. ಅಂದರೆ ಒಂದು ಎಸಿಗೆ ಸುಮಾರು 117 ದಿರ್ಹಂ. ಇಂಧನ ಸರ್‌ಚಾರ್ಜ್ ಮತ್ತು 5% ವ್ಯಾಟ್ ಬೇರೆ.

ಎಸಿಯನ್ನು ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು 6% ಕರೆಂಟ್ ಉಳಿಯುತ್ತೆ ಅಂತ ನಮ್ಮ ದೇಶದ ಇಂಧನ ದಕ್ಷತಾ ಬ್ಯೂರೋ ಹೇಳುತ್ತೆ. 20ರಲ್ಲಿ ಇರೋದನ್ನು 24ಕ್ಕೆ ಏರಿಸಿದರೆ ತಿಂಗಳಿಗೆ ಸುಮಾರು 28 ದಿರ್ಹಂ ಉಳೀತು. ಊರಿನ ದುಡ್ಡಲ್ಲಿ ಆರುನೂರು ರೂಪಾಯಿಗೂ ಮೇಲೆ, ಅದೂ ಒಂದೇ ಎಸಿಗೆ. 18ಕ್ಕೆ ಇಟ್ಟರೆ ರೂಮು ಬೇಗ ತಣ್ಣಗಾಗುತ್ತೆ ಅನ್ನೋದು ತಪ್ಪು ಕಲ್ಪನೆ. ಸಾಮಾನ್ಯ ಎಸಿ ತಣ್ಣಗೆ ಮಾಡುವ ವೇಗ ಅಷ್ಟೇ, ನಿಲ್ಲುವುದು ಮಾತ್ರ ತಡ.

ಸ್ಲಾಬ್ ಬಗ್ಗೆಯೂ ಒಂದು ಮಾತು. 2000 ದಾಟಿದ ಕೂಡಲೇ ಎಲ್ಲಾ ಯೂನಿಟ್ಟಿಗೂ ದರ ಏರುತ್ತೆ ಅಂತ ಹೆದರೋರಿದ್ದಾರೆ. ಹಾಗಲ್ಲ, ದಾಟಿದ ಯೂನಿಟ್ಟಿಗೆ ಮಾತ್ರ 28 ಫಿಲ್ಸ್. 2200 ಯೂನಿಟ್ ಆದರೆ 460 ಜೊತೆಗೆ 56, ಒಟ್ಟು 516 ದಿರ್ಹಂ. ಶಾರ್ಜಾ, ಅಜ್ಮಾನ್ ಕಡೆಯವರು ನಿಮ್ಮ ಬಿಲ್ಲಿನಲ್ಲಿರುವ ದರ ನೋಡಿ ಇದೇ ರೀತಿ ಲೆಕ್ಕ ಹಾಕಿ.

ಖರ್ಚಿಲ್ಲದ ಕೆಲಸಗಳು

ಎಸಿಗೆ ದೊಡ್ಡ ಶತ್ರು ಗಾಜಿನ ಮೇಲೆ ನೇರ ಬೀಳೋ ಬಿಸಿಲು. ಪಶ್ಚಿಮದ ಕಿಟಕಿ ಇದ್ದರಂತೂ ಸಂಜೆ ಹೊತ್ತಿಗೆ ರೂಮು ಒಲೆಯೇ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೇ ದಪ್ಪ ಪರದೆ ಎಳೆದು ಹೋಗಿ, ಬಿಳಿ ಬಣ್ಣದ ಮಗ್ಗಲು ಗಾಜಿನ ಕಡೆಗಿರಲಿ. ಬಾಲ್ಕನಿ ಇದ್ದು ಕಟ್ಟಡದವರು ಒಪ್ಪಿದರೆ ಹೊರಗಡೆಯೇ ಬಿದಿರಿನ ತಟ್ಟಿ ಕಟ್ಟಿ. ಬಿಸಿಲು ಗಾಜು ಮುಟ್ಟುವ ಮುಂಚೆ ತಡೆದಷ್ಟೂ ಒಳ್ಳೇದು.

ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು ಒಣಗಿಸಿ ಹಾಕಿ. ಈ ಮರಳುಗಾಡಿನ ಧೂಳಿಗೆ ಅದು ಬೇಗ ಕಟ್ಕೊಳ್ಳುತ್ತೆ. ಬಾಗಿಲ ಸಂದಿಗೆ ಹಳೇ ಲುಂಗಿ ಸುತ್ತಿಟ್ಟರೂ ಸಾಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಅಡುಗೆ ಮುಗಿದ ಮೇಲೆ ಆರಿಸಿ. ಅದು ಒಳಗಿನ ತಂಪು ಗಾಳಿಯನ್ನು ಹೊರಗೆ ಹಾಕುತ್ತೆ, ಆ ಜಾಗಕ್ಕೆ ಹೊರಗಿನ ಬಿಸಿಗಾಳಿ ಸಂದಿಗಳಿಂದ ಬರುತ್ತೆ.

ಕರಾವಳಿಯವರಿಗೆ ಕುಚ್ಚಲಕ್ಕಿ ಅನ್ನ ಬೇಕೇ ಬೇಕು, ಅದು ಬೇಯೋಕೆ ಹೊತ್ತು ಹಿಡಿಯುತ್ತೆ. ರಾತ್ರಿ ನೆನೆಹಾಕಿ, ಬೆಳಗಿನ ಜಾವ ಕುಕ್ಕರಿನಲ್ಲಿ ಇಟ್ಟುಬಿಡಿ. ಮಧ್ಯಾಹ್ನ ಒಲೆ ಉರಿಸಿ, ಆ ಬಿಸಿಯನ್ನು ಹೊರಹಾಕೋಕೆ ಎಸಿಗೆ ದುಡ್ಡು ಕೊಡೋದು ಡಬಲ್ ಖರ್ಚು.

ಗೀಸರ್ ಸ್ವಿಚ್ ಆರಿಸಿ. ಟೆರೇಸಿನ ಟ್ಯಾಂಕಿನಿಂದ ಬರೋ ‘ತಣ್ಣೀರೇ’ ಮೈ ಸುಡುತ್ತೆ. ಗೀಸರ್ ಮನೆಯೊಳಗೆ ಇದ್ದರೆ ಅದರಲ್ಲಿ ನಿಂತ ನೀರು ಒಂದೆರಡು ದಿನದಲ್ಲಿ ತಣಿಯುತ್ತೆ, ಆಮೇಲೆ ಸ್ನಾನಕ್ಕೆ ಬಿಸಿನೀರಿನ ನಲ್ಲಿಯನ್ನೇ ತಿರುಗಿಸಿ.

ಫ್ಯಾನು, ಕೂಲರು

ಸೀಲಿಂಗ್ ಫ್ಯಾನ್ ತಿನ್ನೋದು ಸುಮಾರು 75 ವ್ಯಾಟ್. ಎಸಿ 25 ಅಥವಾ 26ರಲ್ಲಿಟ್ಟು ಜೊತೆಗೆ ಫ್ಯಾನ್ ಹಾಕಿದರೆ ಹಿತವಾಗಿರುತ್ತೆ. ಫ್ಯಾನ್ ತಂಪು ಮಾಡೋದು ಮೈಯನ್ನು, ರೂಮನ್ನಲ್ಲ. ಯಾರೂ ಇಲ್ಲದಾಗ ಆರಿಸಿ. ಆದರೆ ರೂಮಿನ ಬಿಸಿಯೇ 40 ಡಿಗ್ರಿ ದಾಟಿದ್ದರೆ ಬರೀ ಫ್ಯಾನ್ ನಂಬಬೇಡಿ, ಆಗ ಅದು ಮೈಗೆ ಬಿಸಿಗಾಳಿಯನ್ನೇ ಊದುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ ಇದೆ.

ರಾಯಚೂರು, ಕಲಬುರಗಿ ಕಡೆಯವರಿಗೆ ಕೂಲರ್ ಮೇಲೆ ನಂಬಿಕೆ ಜಾಸ್ತಿ. ಅಲ್ಲಿನ ಒಣಗಾಳಿಗೆ ಅದು ಸರಿ. ಆಗಸ್ಟಿನ ದುಬೈ ಹವೆ ಮಂಗಳೂರಿನ ಹಾಗೆ ತೇವ. ಆ ಗಾಳಿಯಲ್ಲಿ ನೀರು ಸರಿಯಾಗಿ ಆರೋದಿಲ್ಲ, ರೂಮೆಲ್ಲ ಇನ್ನಷ್ಟು ಜಿಗುಟು. ಆ ದುಡ್ಡನ್ನು ಒಳ್ಳೇ ಪರದೆಗೆ ಹಾಕಿ.

ಶೇರಿಂಗ್ ರೂಮಿನವರಿಗೆ

ಡಿಗ್ರಿ ಜಗಳ ಎಲ್ಲ ರೂಮಲ್ಲೂ ಇರುತ್ತೆ. ತಿಂಗಳ ಮೊದಲೇ ಕೂತು 24 ಅಂತಲೋ 25 ಅಂತಲೋ ಎಲ್ಲರೂ ಒಪ್ಪಿ, ಗೋಡೆ ಮೇಲೆ ಬರೆದಿಡಿ. ಚಳಿ ಆಗೋರು ಗಾಳಿ ನೇರ ಬೀಳದ ಹಾಸಿಗೆ ತಗೊಳ್ಳಲಿ. ನೈಟ್ ಶಿಫ್ಟಿನವರು ಹಗಲು ಮಲಗೋದರಿಂದ ಎಸಿ ಹೆಚ್ಚು ಹೊತ್ತು ಓಡುತ್ತೆ ನಿಜ, ಅದಕ್ಕೆ ಅವರ ಮೇಲೆ ಹೆಚ್ಚು ಪಾಲು ಹಾಕೋದು ಬೇಡ. ಅವರಿಗೂ ನಿದ್ದೆ ಬೇಕಲ್ಲ. ಎಸಿಯನ್ನು ಎಕ್ಸ್‌ಟೆನ್ಷನ್ ವೈರಿಗೆ ಮಾತ್ರ ಹಾಕಬೇಡಿ, ಬೆಂಕಿಗೆ ದಾರಿ.

ಹೊಸ ಫ್ಲಾಟ್ ಹುಡುಕುತ್ತಿದ್ದರೆ ‘ಚಿಲ್ಲರ್ ಫ್ರೀ’ನಾ ಅಂತ ಮೊದಲೇ ಕೇಳಿ. ಇಡೀ ಬಡಾವಣೆಗೆ ಒಂದೇ ಕಡೆಯಿಂದ ತಂಪು ಬರೋ ಕಟ್ಟಡಗಳಲ್ಲಿ ಬಳಸಲಿ ಬಿಡಲಿ ಕಟ್ಟಬೇಕಾದ ಸ್ಥಿರ ಶುಲ್ಕ ಇರಬಹುದು. ಬಾಡಿಗೆ ಕಡಿಮೆ ಅಂತ ಹೋಗಿ, ಅದನ್ನು ಆಮೇಲೆ ಚಿಲ್ಲರ್‌ಗೆ ಕಟ್ಟೋ ಹಾಗಾಗಬಾರದು.

ಕೊನೆಗೆ ಮುಖ್ಯ ಮಾತು. ಜುಲೈ, ಆಗಸ್ಟಿನಲ್ಲಿ ಇಲ್ಲಿ ರಾತ್ರಿಯೂ 30 ಡಿಗ್ರಿ ಆಸುಪಾಸಿನಿಂದ ಇಳಿಯೋದು ಅಪರೂಪ. ಹಗಲೆಲ್ಲ ಸೈಟಲ್ಲಿ ಬೆಂದ ಮೈಗೆ ರಾತ್ರಿಯಾದರೂ ತಂಪು ಸಿಗಬೇಕು. ಇಲ್ಲದಿದ್ದರೆ ಮರುದಿನ ತಲೆಸುತ್ತು, ಕೆಲಸದಲ್ಲಿ ಎಡವಟ್ಟು, ರಜೆ, ಡಾಕ್ಟರ ಫೀಸು. ಪರದೆ, ಫಿಲ್ಟರ್, ಗೀಸರ್, ಡಿಗ್ರಿ, ಎಲ್ಲಾದರಲ್ಲೂ ಉಳಿಸಿ. ನಿದ್ದೆಯಲ್ಲಿ ಮಾತ್ರ ಉಳಿಸಬೇಡಿ. ಊರಲ್ಲಿ ಕಾಯ್ತಾ ಇರೋರಿಗೆ ದುಡ್ಡಿನ ಜೊತೆ ನಾವೂ ಗಟ್ಟಿಯಾಗಿ ಬೇಕು.

ಈ ತಿಂಗಳ ಬಿಲ್ಲನ್ನು ಎತ್ತಿಡಿ, ಮುಂದಿನ ತಿಂಗಳದರ ಜೊತೆ ಹೋಲಿಸಿ ನೋಡೋಣ.