ಸುತ್ತ ಹೊಲ, ನಡುವೆ ಕಾಡು

ರಜೆ ಬಂದರೆ ಚನ್ನಗಿರಿ, ಹೊನ್ನಾಳಿ ಕಡೆಯಿಂದಲೂ ಈಗ ಅಂಡಮಾನ್‌ಗೆ ಹೋಗಿಬರುವವರಿದ್ದಾರೆ. ಅಲ್ಲಿನ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರದ್ದು. ಅದರೊಳಗಿನ ಜಾಲಿ ಬಾಯ್ ದ್ವೀಪಕ್ಕೆ ದೋಣಿ ಹತ್ತುವವರು ಬಳಸಿ ಬಿಸಾಡುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಮಳೆಗಾಲದಲ್ಲಿ ಆ ದ್ವೀಪವನ್ನೇ ಮುಚ್ಚಿ, ರೆಡ್ ಸ್ಕಿನ್ ದ್ವೀಪಕ್ಕೆ ಜನರನ್ನು ಬಿಡುತ್ತಾರೆ. ಹವಳಕ್ಕೆ ಒಂದಿಷ್ಟು ಬಿಡುವು ಸಿಗುತ್ತದೆ. ಹೀಗೆ ಉದ್ಯಾನಗಳನ್ನು ಕಾಯುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನೂ ಕಾಯುತ್ತಿದೆ.

ಸುಮಾರು 77 ಚದರ ಕಿಲೋಮೀಟರಿನ ಈ ಕುರುಚಲು ಕಾಡು 2011ರಲ್ಲಿ ವನ್ಯಧಾಮವಾಯಿತು. ಆದದ್ದು ಕೊಂಡುಕುರಿಗಾಗಿ. ಭಾರತ, ನೇಪಾಳ ಬಿಟ್ಟರೆ ಈ ಪ್ರಾಣಿ ಬೇರೆಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಒಂದು ಜೋಡಿ, ಹಣೆಯ ಮುಂದೆ ಇನ್ನೊಂದು ಗಿಡ್ಡ ಜೋಡಿ. ಹೆಣ್ಣಿಗೆ ಕೊಂಬೇ ಇಲ್ಲ. ಜಿಂಕೆಯಂತೆ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ, ಎತ್ತರದ ಹುಲ್ಲಿನಲ್ಲಿ ಅಡಗಿರುತ್ತದೆ. ಹಿಕ್ಕೆಯನ್ನು ಮಾತ್ರ ಮತ್ತೆ ಮತ್ತೆ ಅದೇ ಜಾಗದಲ್ಲಿ ಹಾಕುವುದರಿಂದ, ಅನೇಕರಿಗೆ ಕಾಣಸಿಗುವುದು ಆ ಹಿಕ್ಕೆಯ ಗುಡ್ಡೆಯಷ್ಟೇ. ಅದನ್ನು ಕಂಡರೂ ಹೋದದ್ದು ಸಾರ್ಥಕ ಎಂದೇ ನನ್ನ ಎಣಿಕೆ.

ಇಂಥ ಕಾಡು ನೆಲದ ಮೇಲಿನ ದ್ವೀಪ. ಸುತ್ತ ಹೊಲ, ಊರು, ರಸ್ತೆ. ಬೇಸಿಗೆಯಲ್ಲಿ ನೀರಿನ ಗುಂಡಿಯ ಬಳಿ ನಾವು ಗುಂಪುಗಟ್ಟಿ ನಿಂತರೆ ಬಾಯಾರಿದ ಕೊಂಡುಕುರಿ ಹಿಂದೆ ಸರಿಯುತ್ತದೆ; ಪಕ್ಕದಲ್ಲೇ ಇನ್ನೊಂದು ಕಾಡು, ಇನ್ನೊಂದು ಗುಂಡಿ ಅದಕ್ಕಿಲ್ಲ. ಅದಕ್ಕೇ ಕಾಯ್ದೆ ವನ್ಯಧಾಮದೊಳಗೆ ಹೋಗಲು ಅನುಮತಿ ಕೇಳುತ್ತದೆ, ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಒಣಹುಲ್ಲಿಗೆ ಬಿದ್ದ ಒಂದು ಬೀಡಿ ತುಂಡು ಕೊಂಡುಕುರಿಯ ಮರೆಯನ್ನೂ ಮೇವನ್ನೂ ಒಟ್ಟಿಗೇ ಸುಡಬಲ್ಲದು. ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸುವುದಕ್ಕೇ ಅವಕಾಶವಿಲ್ಲ. ವನ್ಯಧಾಮದಲ್ಲಿ ಸುತ್ತಲಿನವರ ಕೆಲವು ಹಕ್ಕುಗಳು ಉಳಿಯಬಹುದು. ಹಾಗಾಗಿ ಕುರಿ ಕಾಯುವವರನ್ನು ಕಂಡು ‘ಅವರು ಹೋಗಬಹುದಾದರೆ ನಾವೇಕೆ ಹೋಗಬಾರದು’ ಎಂದು ವಾದಿಸುವುದು ಸರಿಯಲ್ಲ.

ನ್ಯಾಮತಿಯ ತೀರ್ಥರಾಮೇಶ್ವರಕ್ಕೆ ಹೋಗುವವರೂ ಇಷ್ಟನ್ನು ನೆನಪಿಟ್ಟರೆ ಒಳ್ಳೆಯದು: ಬೆಟ್ಟದ ಬುಗ್ಗೆಯ ನೀರು ಭಕ್ತರಿಗಷ್ಟೇ ಅಲ್ಲ, ಕಾಡಿನ ಪ್ರಾಣಿಗಳಿಗೂ ಬೇಕು.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹೊಂಡಕ್ಕೆ ಬೇರೆ ಕಾಯ್ದೆ, 1958ರ ಪ್ರಾಚೀನ ಸ್ಮಾರಕಗಳದ್ದು. ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯಿದು. ನಾಲ್ಕೂ ದಿಕ್ಕಿಗೆ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ. ಬಿಜಾಪುರದ ರಣದುಲ್ಲಾಖಾನನ ದಾಳಿಯ ಬಳಿಕ ಎದ್ದ ಮುಸಾಫಿರ್‌ಖಾನೆ ಪಕ್ಕದಲ್ಲೇ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಇದು ಮನೆ ಕಟ್ಟುವವರಿಗೆ ಕಷ್ಟವೇ, ನಿಜ. ಆದರೆ ಮೆಟ್ಟಿಲುಗಳ ಬೆನ್ನಿಗೆ ಆನಿಕೆಯಾಗಿರುವುದು ಸುತ್ತಲಿನ ಮಣ್ಣು. ಪಕ್ಕದಲ್ಲೇ ಬುನಾದಿ ತೋಡಿದರೆ ಕಲ್ಲು ಕದಲಬಹುದು. ಕಂಬದ ಮೇಲೆ ಹೆಸರು ಕೆತ್ತಿದರಂತೂ ಎರಡು ವರ್ಷ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ಮೆಟ್ಟಿಲ ಮೇಲೆ ಕೂರಿಸಿ ಮಂಟಪದ ಕಮಾನು ತೋರಿಸಿ. ಆಮೇಲೆ ಮುಸಾಫಿರ್‌ಖಾನೆಯ ಕಮಾನಿನ ಕೆಳಗೆ ನಿಲ್ಲಿಸಿ, ಎರಡಕ್ಕೂ ಇರುವ ಹೋಲಿಕೆ ಏನೆಂದು ಅವರನ್ನೇ ಕೇಳಿ.