ಉಳವಿಗೆ ಸೈಕಲ್ ಯಾತ್ರೆ: ಮೊಣಕಾಲು ಜೋಪಾನ

ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೋಯಿಡಾ ಹಾದು ಉಳವಿ ಮುಟ್ಟುವ ದಾರಿ ನೂರು ಕಿಲೋಮೀಟರು ಮೀರುತ್ತದೆ. ಚೆನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಟವರು ದಿನಗಟ್ಟಲೆ ಸಾವಕಾಶವಾಗಿ ಸಾಗುತ್ತಾರೆ. ಅದೇ ದಾರಿಯನ್ನು ರಜೆಯಲ್ಲಿ ಸೈಕಲ್ ಮೇಲೆ ಮುಗಿಸಬೇಕೆನ್ನುವ ವಿದ್ಯಾರ್ಥಿಗಳಿಗೆ ಮಾತ್ರ ಅವಸರ. ತಯಾರಿಯ ಎರಡನೇ ವಾರಕ್ಕೇ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ.

ಮೊದಲು ನೋಡಬೇಕಾದದ್ದು ಮುಲಾಮನ್ನಲ್ಲ, ಸೀಟನ್ನು. ಎಂಟನೇ ತರಗತಿಯಲ್ಲಿ ಕೈಗೆ ಬಂದ ಸೈಕಲ್ಲು. ಮಗ ಗೇಣುದ್ದ ಬೆಳೆದರೂ ಸೀಟು ಅಲ್ಲೇ! ಸೀಟು ತಗ್ಗಾದರೆ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಸುತ್ತ ನೋವು, ಎತ್ತರವಾದರೆ ಹಿಂಭಾಗದಲ್ಲಿ. ಕೆಳಗಿಳಿದ ಪೆಡಲಿಗೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ತುಳಿಯುವುದು ಪಾದದ ಮುಂಭಾಗದಿಂದ. ಆಗ ಮೊಣಕಾಲು ತುಸು ಬಾಗಿಯೇ ಇರುತ್ತದೆ. ಒಂದು ಪಾನಾ, ಐದು ನಿಮಿಷದ ಕೆಲಸ.

ಏರಿನಲ್ಲಿ ಹಗುರ ಗೇರು ಹಾಕಿ ಬೇಗಬೇಗ ತುಳಿಯಿರಿ. ಗೇರಿಲ್ಲದ ಸೈಕಲ್ಲಾದರೆ ಇಳಿದು ತಳ್ಳಿ, ಅದರಲ್ಲಿ ಅವಮಾನವೇನಿಲ್ಲ. ವಾರದಿಂದ ವಾರಕ್ಕೆ ದೂರವನ್ನು ಹತ್ತನೇ ಒಂದು ಪಾಲಿನಷ್ಟೇ ಹೆಚ್ಚಿಸಿ. ನೋವು ಬಂದರೆ ಕೆಲವು ದಿನ ಬಿಡುವು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷ. ನೋವಿನ ಮಾತ್ರೆ ನುಂಗಿ ಸೈಕಲ್ ತುಳಿಯುವುದು ಬೇಡ.

ತಂದೆತಾಯಿಯರಿಗೆ ಒಂದು ಮಾತು. 10ರಿಂದ 15 ವರ್ಷದವರಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದುಂಟು. ಬೆಳೆಯುತ್ತಿರುವ ಎಲುಬನ್ನು ತೊಡೆಯ ಸ್ನಾಯು ಎಳೆಯುವುದರಿಂದ ಹೀಗಾಗುತ್ತದೆ. ಬೆಳವಣಿಗೆ ಮುಗಿದಂತೆ ಸಾಮಾನ್ಯವಾಗಿ ಶಮನವಾಗುತ್ತದೆ. ಆದರೆ ಕೀಲು ಊದಿಕೊಂಡರೆ, ಮಡಚಿದಲ್ಲೇ ಸಿಕ್ಕಿಕೊಂಡರೆ, ಮಗು ಕುಂಟಿದರೆ, ನೋವು ರಾತ್ರಿ ನಿದ್ದೆಗೆಡಿಸಿದರೆ ತಡಮಾಡದೆ ಎಲುಬು-ಕೀಲು ವೈದ್ಯರಿಗೆ ತೋರಿಸಿ. ಪ್ರವಾಸದ ತಾರೀಖನ್ನು ಮುಂದಕ್ಕೆ ಹಾಕಬಹುದು.